ಕಾಯುವ ಕೆಲಸ ಯಾರದು? ಸೂಪಾ ಡ್ಯಾಮ್‌ನಿಂದ ಕ್ಲೌಡ್ ಸರ್ವರ್‌ವರೆಗೆ ಮೆಸೇಜ್ ಬ್ರೋಕರ್ ಕಥೆ

【1/8】 ಮಳೆ ನಾಲ್ಕು ತಿಂಗಳು, ಕರೆಂಟು ಹನ್ನೆರಡು ತಿಂಗಳು

ಸೂಪಾ ಡ್ಯಾಮ್ ನೋಡಿದೀರಲ್ಲ? ಗಣೇಶಗುಡಿ ಕಡೆ ಹೋಗಿ ಅದರ ಮುಂದೆ ಒಂದು ಫೋಟೋ ತೆಗೆಸಿಕೊಳ್ಳದ ದಾಂಡೇಲಿಯವರು ಕಡಿಮೆ. ಇವತ್ತು ಅದನ್ನ ಸ್ವಲ್ಪ ಬೇರೆ ಕಣ್ಣಿನಿಂದ ನೋಡೋಣ.

ಕಾಳಿ ನದಿ ಹುಟ್ಟೋದು ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹುಚ್ಚೆದ್ದು ಸುರಿಯುತ್ತದೆ. ಆದರೆ ಬಲ್ಬು ಉರಿಯಬೇಕಾದದ್ದು ಏಪ್ರಿಲ್‌ನಲ್ಲೂ. ಬರುವ ವೇಗ ಬೇರೆ, ಬೇಕಾಗುವ ವೇಗ ಬೇರೆ. ನಡುವೆ 101 ಮೀಟರ್ ಎತ್ತರದ ಗೋಡೆ ಕಟ್ಟಿ, ಸುಮಾರು 147 ಟಿಎಂಸಿ ನೀರು ಹಿಡಿಯುವಷ್ಟು ಜಾಗ ಮಾಡಿದರು. ಅಲ್ಲಿಂದ ನೀರು ಬೊಮ್ಮನಹಳ್ಳಿಗೆ, ಸುರಂಗದ ಮೂಲಕ ನಾಗಝರಿ ವಿದ್ಯುದಾಗಾರಕ್ಕೆ, ಮುಂದೆ ಕೊಡಸಳ್ಳಿ, ಕದ್ರಾಕ್ಕೆ, ಬೇಕಾದಾಗ, ಬೇಕಾದಷ್ಟು ಹೋಗುತ್ತದೆ. ಮಳೆಗೆ ಟರ್ಬೈನ್ ಪರಿಚಯವಿಲ್ಲ, ಟರ್ಬೈನ್‌ಗೆ ಮಳೆ ಪರಿಚಯವಿಲ್ಲ. ಇಬ್ಬರಿಗೂ ಗೊತ್ತಿರುವುದು ಜಲಾಶಯ ಮಾತ್ರ.

ಕಂಪ್ಯೂಟರ್ ಲೋಕದಲ್ಲಿ ಇದೇ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಮೆಸೇಜ್ ಬ್ರೋಕರ್ ಅಂತಾರೆ. ಒಂದು ಪ್ರೋಗ್ರಾಂ ಸಂದೇಶ ತಂದು ಹಾಕುತ್ತದೆ, ಬ್ರೋಕರ್ ಅದನ್ನು ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ, ಇನ್ನೊಂದು ಪ್ರೋಗ್ರಾಂ ತನಗೆ ಬಿಡುವಾದಾಗ ಬಂದು ಒಯ್ಯುತ್ತದೆ. ಆ ಸಾಲಿನ ಹೆಸರೇ ಕ್ಯೂ. ರೇಷನ್ ಅಂಗಡಿ ಮುಂದೆ ನಿಲ್ತೀವಲ್ಲ, ಅದೇ ಕ್ಯೂ.

ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಕೂಡಿಡಲು ಜಾಗ ಬೇಕು, ಆ ಜಾಗದ ಬೆಲೆ ಯಾರೋ ಕೊಟ್ಟಿರುತ್ತಾರೆ. ಹಳೆಯ ಸೂಪಾ ಊರು ಆ ನೀರಿನ ಅಡಿಯಲ್ಲಿದೆ. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು, ಊರು ಬಿಟ್ಟವರಲ್ಲಿ ಹಲವರು ರಾಮನಗರದಲ್ಲಿ ನೆಲೆಯಾದರು. ಕಾಯುವುದು ಯಾರು, ಅದರ ಖರ್ಚು ಯಾರ ತಲೆ ಮೇಲೆ? ಎಂಟು ಕಂತುಗಳ ಈ ಸರಣಿಯ ಪ್ರಶ್ನೆ ಇಷ್ಟೇ.

【2/8】 ಅಂಚೆ, ತಂತಿ ಮತ್ತು ಡೆನ್ಮಾರ್ಕಿನ ಒಬ್ಬ ಗಣಿತಜ್ಞ

ಎದುರಿನವರು ಈಗಲೇ ಸಿಗಬೇಕು ಅನ್ನೋದು ಫೋನು. ಸಿಕ್ಕಾಗ ತಲುಪಿಸಿ ಅನ್ನೋದು ಅಂಚೆ. ಮನುಷ್ಯರ ಸಂಪರ್ಕದ ಇತಿಹಾಸವೆಲ್ಲ ಈ ಎರಡರ ನಡುವಿನ ಓಡಾಟ.

ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ಶುರುವಾದದ್ದು 1966ರಲ್ಲಿ. ಮನೆಮನೆಗೆ ಫೋನ್ ಇರದ ಆ ಕಾಲದಲ್ಲಿ ದೂರದ ಬಂಧುಗಳ ಸುದ್ದಿಗೆ ಕಾಗದವೇ ದಾರಿ. ಬರೆದವರು ಮರೆತರೂ, ಓದುವವರು ಗದ್ದೆಗೆ ಹೋಗಿದ್ದರೂ ಕಾಗದ ಪೋಸ್ಟ್ ಆಫೀಸಿನ ಚೀಲದಲ್ಲಿ ಕಾಯುತ್ತಿತ್ತು. ರಿಜಿಸ್ಟರ್ ಪೋಸ್ಟ್ ಮಾಡಿದರೆ ಎರಡು ಪುರಾವೆ ಸಿಗುತ್ತಿದ್ದವು: ಕೌಂಟರಿನಲ್ಲಿ ಕೊಡುವ ರಸೀದಿ, ಮತ್ತು ಪಡೆದವರು ಸಹಿ ಮಾಡಿ ವಾಪಸ್ ಬರುವ ಎಡಿ ಕಾರ್ಡು. ಈ ಎರಡನ್ನು ನೆನಪಿಟ್ಟುಕೊಳ್ಳಿ, ಎಂಟನೇ ಕಂತಿನಲ್ಲಿ ಬೇಕಾಗುತ್ತೆ.

ತಂತಿ ವ್ಯವಸ್ಥೆಯಲ್ಲೂ ಕ್ಯೂ ಇತ್ತು. ದೊಡ್ಡ ಟೆಲಿಗ್ರಾಫ್ ಕೇಂದ್ರಗಳಲ್ಲಿ ಬಂದ ಸಂದೇಶ ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಬೀಳುತ್ತಿತ್ತು. ಮುಂದಿನ ಲೈನು ಬಿಜಿ ಇದ್ದರೆ ಆಪರೇಟರ್ ಆ ಪಟ್ಟಿ ಹರಿದು, ಸರದಿಯಲ್ಲಿ ತೂಗುಹಾಕಿ, ಲೈನು ಖಾಲಿಯಾದಾಗ ಮುಂದಕ್ಕೆ ಕಳಿಸುತ್ತಿದ್ದ. ಮನುಷ್ಯನೇ ಮೆಸೇಜ್ ಬ್ರೋಕರ್! ನಮ್ಮ ದೇಶದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈನಲ್ಲಿ.

ಕಾಯುವುದಕ್ಕೂ ಒಂದು ಲೆಕ್ಕ ಇದೆ ಅಂತ ತೋರಿಸಿದವರಲ್ಲಿ ಮೊದಲಿಗರು ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಈ ಗಣಿತಜ್ಞ 1909ರಲ್ಲಿ ಪ್ರಬಂಧ ಪ್ರಕಟಿಸಿದರು. ಇಷ್ಟು ಜನ ಫೋನ್ ಮಾಡಿದರೆ ಎಷ್ಟು ಲೈನ್ ಬೇಕು, ಎಷ್ಟು ಹೊತ್ತು ಕಾಯಬೇಕು ಎನ್ನುವ ಲೆಕ್ಕಕ್ಕೆ ಇವರ ಕೆಲಸವೇ ಅಡಿಪಾಯ. ಹೆಸರು ನೆನಪಿರಲಿ. ಮುಂದಿನ ಕಂತಿನಲ್ಲಿ ಅದೇ ಹೆಸರು ಇನ್ನೊಂದು ವೇಷದಲ್ಲಿ ಬರುತ್ತದೆ.

【3/8】 ಷೇರುಪೇಟೆಯಿಂದ ಮೊಲದವರೆಗೆ

1980ರ ದಶಕ. ಷೇರು ವ್ಯಾಪಾರಿಗಳ ಮೇಜಿನ ಮೇಲೆ ಒಂದೊಂದು ಮಾಹಿತಿಗೂ ಒಂದೊಂದು ಪರದೆ. ಮುಂಬೈನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ವಿವೇಕ್ ರಣದಿವೆ, ಟೆಕ್ನೆಕ್ರಾನ್ ಅನ್ನುವ ಕಂಪನಿಯಲ್ಲಿ ‘ದಿ ಇನ್ಫರ್ಮೇಷನ್ ಬಸ್’ ಎಂಬ ಸಾಫ್ಟ್‌ವೇರ್ ಮಾಡಿಸಿದರು. ಸುದ್ದಿ ಕೊಡುವವನು ಒಂದು ಕಡೆ ಹಾಕಲಿ, ಬೇಕಾದವರು ತಮಗೆ ಬೇಕಾದ ವಿಷಯಕ್ಕೆ ಚಂದಾದಾರರಾಗಲಿ ಎಂಬ ವಿಚಾರ. ಪತ್ರಿಕೆಗೆ ಚಂದಾ ಕಟ್ಟಿದ ಹಾಗೆಯೇ.

1993ರಲ್ಲಿ ಐಬಿಎಂ ಕಂಪನಿ ಎಂಕ್ಯೂಸೀರೀಸ್ ತಂದಿತು. ಬ್ಯಾಂಕುಗಳಿಗೆ ಇದು ತುಂಬಾ ಹಿಡಿಸಿತು, ಯಾಕಂದ್ರೆ ದುಡ್ಡಿನ ಸಂದೇಶ ನಡುದಾರಿಯಲ್ಲಿ ಕಳೆದುಹೋಗುವ ಹಾಗಿಲ್ಲ. ಆದರೆ ಇವೆಲ್ಲ ದುಬಾರಿ. ಮೇಲಾಗಿ ಒಬ್ಬರ ಬ್ರೋಕರ್ ಭಾಷೆ ಇನ್ನೊಬ್ಬರದಕ್ಕೆ ಅರ್ಥವಾಗದು. ಒಂದು ಕಂಪನಿಯ ಪೋಸ್ಟ್ ಡಬ್ಬಿಗೆ ಅದೇ ಕಂಪನಿಯ ಲಕೋಟೆಯೇ ಬೇಕು ಅಂದ ಹಾಗೆ.

2003ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಜಾನ್ ಒಹಾರಾ, ಎಲ್ಲರೂ ಬಳಸಬಹುದಾದ ಮುಕ್ತ ನಿಯಮಾವಳಿ ಬೇಕು ಅಂತ ಕೆಲಸ ಶುರುಮಾಡಿದರು. ಅದೇ ಎಎಂಕ್ಯೂಪಿ. ಆ ನಿಯಮಾವಳಿಯನ್ನು ಹಿಡಿದು 2007ರಲ್ಲಿ ಲಂಡನ್ನಿನ ಒಂದು ಪುಟ್ಟ ತಂಡ ಹೊರತಂದ ಓಪನ್ ಸೋರ್ಸ್ ಬ್ರೋಕರ್ ರ‍್ಯಾಬಿಟ್‌ಎಂಕ್ಯೂ. ಹೆಸರಲ್ಲೇ ಮೊಲ. ದುಡ್ಡು ಕೊಡಬೇಕಿಲ್ಲ, ಕೋಡ್ ಎಲ್ಲರ ಕಣ್ಣಮುಂದೆ.

ಇದನ್ನು ಬರೆದ ಭಾಷೆ ಯಾವುದು ಗೊತ್ತಾ? ಎರ್ಲಾಂಗ್! ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಗೆಳೆಯರು 1986ರ ಸುಮಾರಿಗೆ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಕಟ್ಟಲು ಶುರುಮಾಡಿದ ಭಾಷೆ. ಒಂದು ಕಾಲ್ ಕಟ್ಟಾದರೆ ಉಳಿದವು ಕಟ್ಟಾಗಬಾರದು ಅನ್ನೋದು ಅದರ ಜೀವಾಳ. 1998ರಲ್ಲಿ ಅದನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಸಾಲಿನಲ್ಲಿ ಕಾಯುವವರ ಲೆಕ್ಕ ಹಾಕಿದವನ ಹೆಸರಿನ ಭಾಷೆಯಲ್ಲೇ, ಸಂದೇಶಗಳನ್ನು ಸಾಲಾಗಿ ಕಾಯಿಸುವ ಸಾಫ್ಟ್‌ವೇರ್ ಹುಟ್ಟಿತು.

【4/8】 ಶಿರಸಿ ಮೂಲದ ಒಂದು ಹೆಸರು, ನೂರು ಕೋಟಿ ಪ್ಯಾಕೆಟ್

ಇದೆಲ್ಲ ಲಂಡನ್, ಸ್ವೀಡನ್ ಕಥೆ, ನಮಗೇನು ಅಂತೀರಾ? ನಿಮ್ಮ ಜೇಬಿನಲ್ಲಿರುವ ಆಧಾರ್ ಕಾರ್ಡ್ ತೆಗೀರಿ.

ಆಧಾರ್ ಪ್ರಾಧಿಕಾರ ಶುರುವಾದದ್ದು 2009ರಲ್ಲಿ. ಮೊದಲ ಅಧ್ಯಕ್ಷರು ನಂದನ್ ನಿಲೇಕಣಿ. ನಮ್ಮ ಜಿಲ್ಲೆಯ ಶಿರಸಿ ಮೂಲದ ಮನೆತನ, ಓದಿನ ಒಂದಷ್ಟು ವರ್ಷ ಧಾರವಾಡದಲ್ಲಿ. ತಾಂತ್ರಿಕ ಕೇಂದ್ರ ಬೆಂಗಳೂರಿನಲ್ಲಿ. ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಟೆಂಭ್ಲಿ ಎಂಬ ಹಳ್ಳಿಯಲ್ಲಿ.

ಈಗ ಸಮಸ್ಯೆ ನೋಡಿ. ಹೊಸಬರೊಬ್ಬರ ಬೆರಳಚ್ಚು, ಕಣ್ಣಿನ ಪಾಪೆ ಬಂದರೆ ಅದನ್ನು ಅದುವರೆಗೆ ನೋಂದಾಯಿಸಿದ ಎಲ್ಲರದರ ಜೊತೆ ತಾಳೆ ನೋಡಬೇಕು, ಒಬ್ಬರಿಗೆ ಎರಡು ಸಂಖ್ಯೆ ಹೋಗಬಾರದಲ್ಲ. ಹತ್ತು ಕೋಟಿ ಜನರಾದ ಮೇಲೆ ಬಂದವರನ್ನು ಹತ್ತು ಕೋಟಿಯ ಜೊತೆ ಹೋಲಿಸಬೇಕು. ಕೆಲಸ ನಿಧಾನದ್ದು. ಆದರೆ ದೇಶದ ಮೂಲೆಮೂಲೆಯ ನೋಂದಣಿ ಕೇಂದ್ರಗಳಿಂದ ಪ್ಯಾಕೆಟ್‌ಗಳು ಜೋರು ಮಳೆಯ ಹಾಗೆ ಬರುತ್ತಲೇ ಇರುತ್ತವೆ.

ಅದಕ್ಕೆ ಅವರು ಕೆಲಸವನ್ನು ಹಂತಗಳಾಗಿ ಒಡೆದರು. ಪ್ಯಾಕೆಟ್ ಬಿಚ್ಚುವುದು ಒಂದು ಹಂತ, ಸರಿಯಿದೆಯಾ ನೋಡುವುದು ಒಂದು, ಬಯೊಮೆಟ್ರಿಕ್ ಹೋಲಿಸುವುದು ಇನ್ನೊಂದು, ಸಂಖ್ಯೆ ಕೊಡುವುದು ಮತ್ತೊಂದು. ಹಂತ ಹಂತದ ನಡುವೆ ಕ್ಯೂ. ಈ ಕೆಲಸಕ್ಕೆ ಬಳಸಿದ ಓಪನ್ ಸೋರ್ಸ್ ಸಾಧನಗಳಲ್ಲಿ ರ‍್ಯಾಬಿಟ್‌ಎಂಕ್ಯೂ ಕೂಡ ಒಂದು. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ದುಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಪಲ್ಪ್ ಬೇಯಿಸುವ ಕಡೆಗೂ ಪೇಪರ್ ಮಷಿನ್‌ಗೂ ನಡುವೆ ಪಲ್ಪ್ ತುಂಬಿಡುವ ದೊಡ್ಡ ಟ್ಯಾಂಕುಗಳಿರುತ್ತವೆ. ಒಂದು ಕಡೆ ಸ್ವಲ್ಪ ಹೊತ್ತು ನಿಂತರೂ ಇನ್ನೊಂದು ಕಡೆ ನಿಲ್ಲಬಾರದು ಅಂತ.

2016ರ ಏಪ್ರಿಲ್ ಹೊತ್ತಿಗೆ ನೂರು ಕೋಟಿ ಜನಕ್ಕೆ ಸಂಖ್ಯೆ ಹೋಗಿತ್ತು.

【5/8】 ಒಂದೇ ಯೋಜನೆ, ಎರಡು ಸ್ವಭಾವ

ಈ ಸರಣಿಯ ಮುಖ್ಯ ಕಂತು ಇದು. ನಿಧಾನವಾಗಿ ಓದಿ.

ಆಧಾರ್ ನೋಂದಣಿ ಮಾಡುವಾಗ ಇಂಟರ್‌ನೆಟ್ ಇರಲೇಬೇಕು ಅಂತ ಇರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಮಾಹಿತಿ ತೆಗೆದುಕೊಂಡು, ಗೂಢಲಿಪಿಯಲ್ಲಿ ಮುಚ್ಚಿ, ಅಲ್ಲೇ ಉಳಿಸಿಕೊಂಡು, ನೆಟ್‌ವರ್ಕ್ ಸಿಕ್ಕಾಗ ಕಳಿಸುವ ಹಾಗೆ ಮಾಡಿದ್ದರು. ಅಂದರೆ ಕಾಡಿನೊಳಗಿನ ಹಳ್ಳಿಯವರೂ ನಗರದವರೂ ಅಲ್ಲಿ ಒಂದೇ. ಹಳ್ಳಿಯವರ ಪ್ಯಾಕೆಟ್ ನಾಲ್ಕು ದಿನ ತಡವಾಗಿ ಹೋಗಬಹುದು, ಅಷ್ಟೇ. ಕಾಯುತ್ತಿದ್ದದ್ದು ಯಂತ್ರ.

ಆದರೆ ಅದೇ ಆಧಾರ್‌ನ ಇನ್ನೊಂದು ಅರ್ಧ ಇದೆ: ಬೆರಳಿಟ್ಟು ಗುರುತು ಸಾಬೀತು ಮಾಡೋದು. ಅದು ಫೋನ್ ಕಾಲ್ ಇದ್ದ ಹಾಗೆ. ಅಂಗಡಿಯ ಮಷಿನ್, ನಡುವಿನ ನೆಟ್‌ವರ್ಕ್, ದೂರದ ಸರ್ವರ್, ಮೂರೂ ಒಂದೇ ಕ್ಷಣದಲ್ಲಿ ಎಚ್ಚರವಿರಬೇಕು. ಒಂದು ಮಲಗಿದರೂ ‘ಮತ್ತೆ ಪ್ರಯತ್ನಿಸಿ’. ಇಲ್ಲಿ ಕಾಯುವುದು ಯಂತ್ರವಲ್ಲ, ಮನುಷ್ಯರು. ಜೋಯಿಡಾದ ಒಳಹಳ್ಳಿಗಳಲ್ಲಿ ಟವರ್ ಸಿಗುವ ಗುಡ್ಡ ಯಾವುದು, ಯಾವ ಮರದ ಕೆಳಗೆ ಎರಡು ಕಡ್ಡಿ ಸಿಗ್ನಲ್ ಬರುತ್ತೆ ಅಂತ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಇಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವರು ಮಾರನೇ ದಿನ ಮತ್ತೆ ಬರಬೇಕು.

ಗುರುತಿನ ಪರೀಕ್ಷೆಗೆ ಆ ಕ್ಷಣದಲ್ಲೇ ಉತ್ತರ ಬೇಕು, ಅದನ್ನು ಸುಮ್ಮನೆ ಕ್ಯೂಗೆ ಹಾಕಲು ಬರುವುದಿಲ್ಲ, ನಿಜ. ಮೋಸ ತಡೆಯುವುದೂ ಮುಖ್ಯ. ಆದರೆ ವ್ಯವಸ್ಥೆ ಕಟ್ಟುವವರು ಪ್ರತಿ ಹೆಜ್ಜೆಯಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಇದು ಈಗಲೇ ಆಗಬೇಕಾ, ಅಥವಾ ಆಮೇಲೆ ತಲುಪಿದರೂ ನಡೆಯುತ್ತಾ? ‘ಈಗಲೇ’ ಅಂದಷ್ಟೂ ನೆಟ್‌ವರ್ಕ್ ಇಲ್ಲದ ಊರಿನವರು ಹೊರಗುಳಿಯುತ್ತಾರೆ. ‘ಆಮೇಲೂ ನಡೆಯುತ್ತೆ’ ಅಂದಷ್ಟೂ ಅವರು ಒಳಗೆ ಬರುತ್ತಾರೆ.

ಮೆಸೇಜ್ ಬ್ರೋಕರ್ ಅಂದರೆ ದೊಡ್ಡ ಕಂಪನಿಯವರ ವೇಗದ ಆಟಿಕೆ ಅಂತ ಅನೇಕರು ತಿಳಿದಿದ್ದಾರೆ. ನನ್ನ ಪ್ರಕಾರ ಅದರ ದೊಡ್ಡ ಗುಣ ವೇಗವಲ್ಲ, ತಾಳ್ಮೆ. ಕಾಯುವ ಕೆಲಸವನ್ನು ಮನುಷ್ಯರ ಹೆಗಲಿಂದ ಇಳಿಸಿ ಯಂತ್ರದ ಮೇಲೆ ಹಾಕೋದು.

【6/8】 ಬನ್ನಿ, ಒಂದು ಹಾಕೇ ಬಿಡೋಣ

ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದ್ತಿರೋರು, ದಾಂಡೇಲಿಯಲ್ಲಿ ಕೂತು ಮನೆಯಿಂದ ಕೆಲಸ ಮಾಡೋರು, ಈ ಮೂರು ಕಂತು ನಿಮಗೆ.

ಉದಾಹರಣೆಗೆ ಒಂದು ಹೋಂಸ್ಟೇ ಬುಕಿಂಗ್ ಆ್ಯಪ್ ಅಂದುಕೊಳ್ಳಿ. ಹುಬ್ಬಳ್ಳಿಯಿಂದ ಅತಿಥಿ ಬುಕ್ ಮಾಡ್ತಾರೆ, ಮಾಲೀಕರು ಜೋಯಿಡಾದ ಕಾಡಂಚಿನಲ್ಲಿ, ಫೋನಿಗೆ ಸಿಗ್ನಲ್ ಸಂಜೆ ಮಾತ್ರ. ‘ಮಾಲೀಕರು ಸಿಗುತ್ತಿಲ್ಲ’ ಅಂತ ಆ್ಯಪ್ ಬುಕಿಂಗ್ ರದ್ದು ಮಾಡಿದರೆ ಗಿರಾಕಿ ಹೆದ್ದಾರಿ ಪಕ್ಕದ ರೆಸಾರ್ಟಿಗೆ ಹೋಗುತ್ತಾರೆ. ಕ್ಯೂ ಇದ್ದರೆ ಬುಕಿಂಗ್ ಕಾಯುತ್ತದೆ. (ದಿನಕ್ಕೆ ಹತ್ತೇ ಬುಕಿಂಗ್ ಇದ್ದರೆ ಡೇಟಾಬೇಸ್‌ನ ಒಂದು ಟೇಬಲ್ಲೇ ಸಾಕು, ಬ್ರೋಕರ್ ಬೇಡ. ಇದನ್ನೂ ಹೇಳಬೇಕಲ್ಲ.)

ಮೊದಲು ಸರ್ವರ್. ಕ್ಲೌಡ್ ಅಂದರೆ ಮೋಡವಲ್ಲ, ಬೇರೆಯವರ ಕಟ್ಟಡದಲ್ಲಿರುವ ಬಾಡಿಗೆ ಕಂಪ್ಯೂಟರ್. ಅಮೆಜಾನ್ ಕಂಪನಿ ಮುಂಬೈನಲ್ಲಿ, ಡಿಜಿಟಲ್‌ಓಷನ್ ಬೆಂಗಳೂರಿನಲ್ಲಿ ಈ ಸೇವೆ ಶುರುಮಾಡಿದ್ದು 2016ರಲ್ಲಿ. ಅಂದಹಾಗೆ ಅಮೆಜಾನ್ 2004ರಷ್ಟು ಹಿಂದೆಯೇ ಪರೀಕ್ಷೆಗೆ ಬಿಟ್ಟ ಕ್ಲೌಡ್ ಸೇವೆ ಯಾವುದು? ಒಂದು ಮೆಸೇಜ್ ಕ್ಯೂ!

ಉಬುಂಟು ಇರುವ ಲಿನಕ್ಸ್ ಸರ್ವರ್ ತಗೊಳ್ಳಿ. ಆಮೇಲೆ ಈ ಕ್ರಮ:

1. ಸರ್ವರ್‌ಗೆ ಮೊದಲೇ ಒಂದು ಕಾಯಂ ಹೋಸ್ಟ್‌ನೇಮ್ ಕೊಡಿ. ರ‍್ಯಾಬಿಟ್ ತನ್ನ ದತ್ತಾಂಶದ ಫೋಲ್ಡರಿಗೆ ಈ ಹೆಸರನ್ನೇ ಸೇರಿಸಿ ಇಡುತ್ತದೆ. ಆಮೇಲೆ ಹೆಸರು ಬದಲಾದರೆ ಹಳೇ ಕ್ಯೂಗಳು ಡಿಸ್ಕಿನಲ್ಲಿದ್ದರೂ ಕಣ್ಣಿಗೆ ಕಾಣಲ್ಲ, ವಿಳಾಸ ಬದಲಾದ ಮನೆಗೆ ಬಂದ ಕಾಗದದ ಹಾಗೆ.

2. ಉಬುಂಟುವಿನ ಸ್ವಂತ ಭಂಡಾರದಲ್ಲೂ ರ‍್ಯಾಬಿಟ್ ಸಿಗುತ್ತೆ, ಆದರೆ ಆವೃತ್ತಿ ಹಳೆಯದಿರುತ್ತದೆ. ರ‍್ಯಾಬಿಟ್ ತಂಡದವರದೇ ಭಂಡಾರ ಸೇರಿಸಿ, ಅವರ ಸಹಿ ಕೀಲಿಯನ್ನೂ ಹಾಕಿಕೊಳ್ಳಿ.

3. ಎರ್ಲಾಂಗ್ ಮೊದಲು, ರ‍್ಯಾಬಿಟ್ ಆಮೇಲೆ. ಯಾವ ರ‍್ಯಾಬಿಟ್‌ಗೆ ಯಾವ ಎರ್ಲಾಂಗ್ ಹೊಂದುತ್ತದೆ ಎಂಬ ಪಟ್ಟಿ ಅವರ ದಾಖಲೆಯಲ್ಲಿದೆ. ಅದನ್ನು ನೋಡದೆ ಹಾಕಿದರೆ ಸೇವೆ ಏಳುವುದೇ ಇಲ್ಲ.

4. ಸರ್ವರ್ ರೀಸ್ಟಾರ್ಟ್ ಆದಾಗ ಸೇವೆಯೂ ತಾನಾಗಿ ಏಳುವಂತೆ ಸಿಸ್ಟಂಡಿಯಲ್ಲಿ ಎನೇಬಲ್ ಮಾಡಿ.

5. ಮ್ಯಾನೇಜ್‌ಮೆಂಟ್ ಪ್ಲಗಿನ್ ಆನ್ ಮಾಡಿ. ಬ್ರೌಸರಿನಲ್ಲೇ ಕ್ಯೂ ಎಷ್ಟು ಉದ್ದ ಇದೆ ಅಂತ ಗ್ರಾಫ್ ಕಾಣುತ್ತೆ.

ಇಲ್ಲಿಗೆ ಅರ್ಧ ಗಂಟೆಯ ಕೆಲಸ. ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ದಯವಿಟ್ಟು ನಿಲ್ಲಬೇಡಿ.

【7/8】 ಬಾಗಿಲು ಮತ್ತು ಕೋಡಿ

ಬಾಗಿಲಿನ ಮಾತು ಮೊದಲು. ರ‍್ಯಾಬಿಟ್ ಬರುವಾಗಲೇ ‘ಗೆಸ್ಟ್’ ಎಂಬ ಬಳಕೆದಾರನನ್ನು ಕರೆದುಕೊಂಡೇ ಬರುತ್ತದೆ, ಪಾಸ್‌ವರ್ಡ್ ಕೂಡ ಗೆಸ್ಟ್. ಅಂದರೆ ಎಲ್ಲರಿಗೂ ಗೊತ್ತಿರುವ ಕೀಲಿ. 2014ರ 3.3 ಆವೃತ್ತಿಯಿಂದ ಈಚೆಗೆ ಗೆಸ್ಟ್ ಅದೇ ಸರ್ವರ್ ಒಳಗಿನಿಂದ ಮಾತ್ರ ಒಳಬರಬಹುದು. ಹೊರಗಿನಿಂದ ಲಾಗಿನ್ ಆಗಲ್ಲ ಅಂತ ಸಿಟ್ಟಾಗಿ ಆ ನಿರ್ಬಂಧವನ್ನೇ ತೆಗೆಯುವವರಿದ್ದಾರೆ. ಹಾಗೆ ಮಾಡಬೇಡಿ. ಹೊಸ ಬಳಕೆದಾರನನ್ನು ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಡಿ, ಗೆಸ್ಟ್‌ನನ್ನು ಅಳಿಸಿಬಿಡಿ. ಕ್ಯೂ ಮಾಡುವ, ಬರೆಯುವ, ಓದುವ ಅನುಮತಿಗಳು ಬೇರೆಬೇರೆ ಇವೆ. ಬುಕಿಂಗ್ ಹಾಕುವ ಪ್ರೋಗ್ರಾಂಗೆ ಓದುವ ಹಕ್ಕು ಯಾಕೆ?

ಪೋರ್ಟ್‌ಗಳು: ಸಂದೇಶಗಳಿಗೆ 5672, ಗೂಢಲಿಪಿಯ ಸಂಪರ್ಕಕ್ಕೆ 5671, ಮ್ಯಾನೇಜ್‌ಮೆಂಟ್ ಪುಟಕ್ಕೆ 15672, ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡಲು 4369 ಮತ್ತು 25672. ಕೊನೆಯ ಎರಡನ್ನು ಹೊರಲೋಕಕ್ಕೆ ತೆರೆಯಲೇಬಾರದು. 15672 ನಿಮ್ಮ ವಿಳಾಸಕ್ಕೆ ಮಾತ್ರ ತೆರೆಯಿರಿ. ಫೈರ್‌ವಾಲ್ ಎರಡು ಕಡೆ ಇರುತ್ತೆ, ಕ್ಲೌಡ್ ಕಂಪನಿಯ ಪುಟದಲ್ಲಿ ಒಂದು, ಲಿನಕ್ಸ್ ಒಳಗೆ ಒಂದು. ಎರಡನ್ನೂ ನೋಡಿ.

ಈಗ ಕೋಡಿ. ಸೂಪಾ ತುಂಬಿದರೆ ಗೇಟ್ ತೆಗೆಯಬೇಕು, ಮಳೆಗೆ ‘ನಿಲ್ಲು’ ಅನ್ನೋಕಾಗಲ್ಲ. ರ‍್ಯಾಬಿಟ್ ಇಲ್ಲಿ ಡ್ಯಾಮ್‌ಗಿಂತ ಭಿನ್ನ. ಮೆಮೊರಿ ಅಥವಾ ಡಿಸ್ಕ್ ಮಿತಿ ಮುಟ್ಟಿದರೆ ಅದು ನೀರು ಹೊರಬಿಡಲ್ಲ, ಸಂದೇಶ ಕಳಿಸುವವರನ್ನೇ ತಡೆದು ನಿಲ್ಲಿಸುತ್ತದೆ. ಡಿಸ್ಕಿನಲ್ಲಿ ಉಳಿಯಬೇಕಾದ ಖಾಲಿ ಜಾಗದ ಮಿತಿ, ನಾವೇನೂ ಬದಲಿಸದಿದ್ದರೆ, ಬರೀ 50 ಎಂಬಿ. ನಿಜವಾದ ಕೆಲಸಕ್ಕೆ ಇದು ಏನೇನೂ ಸಾಲದು, ಹೆಚ್ಚಿಸಿ. ಕ್ಯೂ ಉದ್ದವಾಗುತ್ತಾ ಹೋದರೆ ನಿಮಗೆ ಎಚ್ಚರಿಕೆ ಬರುವಂತೆ ಮಾಡಿಕೊಳ್ಳಿ. ಜಲಾಶಯದ ಮಟ್ಟವನ್ನು ದಿನಾ ಬರೆದಿಡುತ್ತಾರಲ್ಲ, ಅದೇ ಶಿಸ್ತು.

ಬೆಳೆಯುತ್ತಲೇ ಇರುವ ಕ್ಯೂ ಅಂದರೆ ಆ ಕಡೆ ಒಯ್ಯುವವರು ಯಾರೋ ಬಿದ್ದಿದ್ದಾರೆ ಅಂತ ಅರ್ಥ. ಜಾಗ ದೊಡ್ಡದು ಮಾಡುವ ಮೊದಲು ಅವರನ್ನು ಎಬ್ಬಿಸಿ.

【8/8】 ರಸೀದಿ ಮತ್ತು ಎಡಿ ಕಾರ್ಡು

ಬ್ರೋಕರ್ ಹಾಕಿದೀವಿ, ಇನ್ನು ಸಂದೇಶ ಕಳೆಯಲ್ಲ. ಹೀಗೆ ನಂಬಿ ಮೋಸ ಹೋಗಬೇಡಿ. ತಾಳ್ಮೆ ತಾನಾಗಿ ಬರಲ್ಲ, ಹೇಳಿ ಕೇಳಿ ಪಡೆಯಬೇಕು. ನಾಲ್ಕು ವಿಷಯ:

▪ ಕ್ಯೂ ‘ಡ್ಯೂರಬಲ್’ ಇರಬೇಕು, ಸಂದೇಶ ‘ಪರ್ಸಿಸ್ಟೆಂಟ್’ ಇರಬೇಕು. ಕ್ಯೂ ಉಳಿಯುವುದು ಬೇರೆ, ಒಳಗಿನ ಸಂದೇಶ ಉಳಿಯುವುದು ಬೇರೆ. ಒಂದನ್ನೇ ಹೇಳಿದರೆ ರೀಸ್ಟಾರ್ಟ್ ಆದ ಮೇಲೆ ಖಾಲಿ ಚೀಲ ಸಿಗುತ್ತದೆ.

▪ ಕಳಿಸುವವರು ‘ಕನ್ಫರ್ಮ್’ ಕೇಳಬೇಕು. ‘ನನಗೆ ಮುಟ್ಟಿತು’ ಅಂತ ಬ್ರೋಕರ್ ಹೇಳುವ ಮಾತು. ಎರಡನೇ ಕಂತಿನ ಕೌಂಟರ್ ರಸೀದಿ ಇದೇ.

▪ ಒಯ್ಯುವವರು ಕೆಲಸ ಮುಗಿದ ಮೇಲೆಯೇ ‘ಅಕ್’ ಕೊಡಬೇಕು. ಇದು ಎಡಿ ಕಾರ್ಡಿನ ಸಹಿ. ವ್ಯತ್ಯಾಸ ಇಷ್ಟೇ, ಕಾರ್ಡು ವಾಪಸ್ ಹೋಗುವುದು ಕಳಿಸಿದವರಿಗಲ್ಲ, ಬ್ರೋಕರ್‌ಗೆ. ಸಹಿ ಬಂದ ಮೇಲೆಯೇ ಅದು ಸಂದೇಶ ಅಳಿಸುತ್ತದೆ. ಕೈಗೆ ಕೊಟ್ಟ ತಕ್ಷಣ ಅಳಿಸುವ ‘ಆಟೋ ಅಕ್’ ಬಳಸಿದರೆ, ಒಯ್ಯುವವನು ದಾರಿಯಲ್ಲಿ ಬಿದ್ದಾಗ ಸಂದೇಶವೂ ಬಿತ್ತು.

▪ ಸಹಿ ಬರುವ ಮೊದಲೇ ಸಂಪರ್ಕ ಕಟ್ಟಾದರೆ ಅದೇ ಸಂದೇಶ ಎರಡನೇ ಸಲ ಬರುತ್ತದೆ. ಹಾಗಾಗಿ ಪ್ರತಿ ಬುಕಿಂಗ್‌ಗೂ ಒಂದು ಸಂಖ್ಯೆ ಇರಲಿ. ಅದೇ ಸಂಖ್ಯೆ ಮತ್ತೆ ಬಂದರೆ ಎರಡು ಕೋಣೆ ಹಿಡಿಯದಂತೆ ಪ್ರೋಗ್ರಾಂ ಬರೆಯಿರಿ.

ಒಂದೇ ಸರ್ವರ್ ಸುಟ್ಟುಹೋದರೆ? ಅದಕ್ಕೆ 2019ರ 3.8 ಆವೃತ್ತಿಯಿಂದ ‘ಕೋರಮ್ ಕ್ಯೂ’ ಇದೆ. ಮೂರು ಸರ್ವರ್‌ಗಳಲ್ಲಿ ಪ್ರತಿ ಇಟ್ಟು, ಎರಡು ಒಪ್ಪಿದರೆ ಮಾತ್ರ ‘ಮುಟ್ಟಿತು’ ಅನ್ನುತ್ತದೆ. ಪಂಚಾಯಿತಿ ಸಭೆಗೆ ಕೋರಂ ಬೇಕಲ್ಲ, ಹಾಗೇನೇ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಒಯ್ಯುವ ಪ್ರೋಗ್ರಾಂ ನಿಲ್ಲಿಸಿ. ಒಯ್ಯುವ ಪ್ರೋಗ್ರಾಂ ನಿಲ್ಲಿಸಿ. ಸರ್ವರ್ ಅನ್ನೇ ರೀಸ್ಟಾರ್ಟ್ ಮಾಡಿ. ಮತ್ತೆ ಪ್ರೋಗ್ರಾಂ ಎಬ್ಬಿಸಿ ಎಣಿಸಿ. ಹತ್ತೂ ಬಂದವಾ? ಹಾಗಾದರೆ ನಿಮ್ಮ ಮೊಲಕ್ಕೆ ತಾಳ್ಮೆ ಬಂದಿದೆ. ಒಂಬತ್ತೇ ಬಂದರೆ ಆ ಒಂದು ಬುಕಿಂಗ್ ಒಬ್ಬರ ಮನೆಯ ಒಂದು ದಿನದ ಆದಾಯ ಅಂತ ನೆನಪಿಟ್ಟುಕೊಂಡು ಮತ್ತೆ ಮೇಲಿನಿಂದ ನೋಡಿ.

ತಂತಿ ಆಫೀಸಿನ ಆಪರೇಟರ್ ಹರಿದ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕದೆ ಸರದಿಯಲ್ಲಿ ತೂಗುಹಾಕುತ್ತಿದ್ದ. ಆ ಜವಾಬ್ದಾರಿ ಈಗ ಕೋಡ್ ಬರೆಯುವ ನಿಮ್ಮ ಕೈಯಲ್ಲಿದೆ.

ನಿಮ್ಮ ಊರಿನಲ್ಲಿ ‘ಈಗಲೇ’ ಅನ್ನದೆ ‘ಆಮೇಲೂ ನಡೆಯುತ್ತೆ’ ಅಂತ ಮಾಡಬಹುದಾದ ಕೆಲಸ ಯಾವುದಿದೆ? ಕಾಮೆಂಟಿನಲ್ಲಿ ಬರೀರಿ. ನೆಟ್‌ವರ್ಕ್ ಸಿಕ್ಕಾಗ ಬರೀರಿ, ಅವಸರ ಇಲ್ಲ. 🙂

#ದಾಂಡೇಲಿ #ಹಳಿಯಾಳ #ಜೋಯಿಡಾ #ಮುಂಡಗೋಡ #ಕಾಳಿನದಿ #ಉತ್ತರಕನ್ನಡ #ಕನ್ನಡದಲ್ಲಿತಂತ್ರಜ್ಞಾನ #ಮೆಸೇಜ್‌ಬ್ರೋಕರ್